ಹಾಸನ ಬೆಳೆದರೆ ಹಳ್ಳಿಗಳೂ ಬೆಳೆಯುತ್ತವಾ?

ಹಾಸನ ನಗರಕ್ಕೆ ದುಡ್ಡು ಹಾಕಿದರೆ ಸುತ್ತಲ ಹಳ್ಳಿಗಳೂ ತಾನಾಗೇ ಬೆಳೆಯುತ್ತವೆ ಅಲ್ವಾ ಅಂತ ಕೇಳಿದ್ದೀರಿ. ಇಲ್ಲ ಸಾರ್, ಅದು ಸುಮ್ನೆ ಆಗುವುದಿಲ್ಲ.

ನಮ್ಮ ಆಲೂಗಡ್ಡೆಯನ್ನೇ ನೋಡಿ. ಮುಂಗಾರಿಗೆ ಎಲ್ಲರೂ ಒಟ್ಟಿಗೆ ಬಿತ್ತುತ್ತಾರೆ, ಒಟ್ಟಿಗೆ ಕೀಳುತ್ತಾರೆ. ಬೆಲೆ ಬಿದ್ದುಹೋಗುತ್ತದೆ. ಇಟ್ಟುಕೊಳ್ಳಲು ಜಾಗವಿಲ್ಲದ ರೈತ ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾನೆ. ನಗರದ ರಸ್ತೆ ಎಷ್ಟು ಅಗಲವಾದರೂ ಇದು ಬದಲಾಗುವುದಿಲ್ಲ. ಆಲೂರು, ಅರಕಲಗೂಡಿನಂಥ ಸಣ್ಣ ಪಟ್ಟಣಗಳಲ್ಲೇ ಕೋಲ್ಡ್ ಸ್ಟೋರೇಜ್, ಚಿಪ್ಸ್ ಘಟಕ ಬೇಕು. ಆಗ ಹುಡುಗರು ಬೆಂಗಳೂರು ಬಸ್ ಹತ್ತದೆ ಮನೆಯಿಂದಲೇ ಕೆಲಸಕ್ಕೆ ಹೋಗಿ ಬರಬಹುದು.

ಚೀನಾ 1978ರ ಆರ್ಥಿಕ ಸುಧಾರಣೆಯ ನಂತರ ಹಳ್ಳಿ, ಸಣ್ಣ ಪಟ್ಟಣಗಳಲ್ಲೇ ಕಾರ್ಖಾನೆ ಬೆಳೆಸಿತು. 1990ರ ದಶಕದ ಮಧ್ಯದ ಹೊತ್ತಿಗೆ ಅವುಗಳಲ್ಲಿ 12 ಕೋಟಿಗೂ ಜಾಸ್ತಿ ಜನ ದುಡಿಯುತ್ತಿದ್ದರು. (ನದಿಗಳೂ ಕೆಟ್ಟವು. ಆ ಭಾಗ ನಮಗೆ ಖಂಡಿತ ಬೇಡ.)

ಹಾಸನಕ್ಕೂ ಖರ್ಚು ಮಾಡಲಿ. ಹಳ್ಳಿಯವರು ದೊಡ್ಡ ಆಸ್ಪತ್ರೆಗೆ, ಕಾಲೇಜಿಗೆ ಬರುವುದು ಅಲ್ಲಿಗೇ ತಾನೆ?