ಟ್ರಮಡಾಲ್ ಬಿಟ್ಟು, ಹಳೇ ನೋವಿಗೆ ನರ್ಸ್ ಏನು ಮಾಡಬಹುದು?

ವರ್ಷಗಟ್ಟಲೆ ಸೊಂಟನೋವು, ಮಂಡಿನೋವು ಇರುವವರಿಗೆ ಟ್ರಮಡಾಲ್‌ನಂಥ ಗಟ್ಟಿ ನೋವಿನ ಮಾತ್ರೆ ಬಿಟ್ಟು ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ. ನಾನು ದಾವಣಗೆರೆಯಲ್ಲಿ ನರ್ಸ್.

ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ 15–20 ನಿಮಿಷ ಶಾಖ ಕೊಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಅಲ್ಲಿಗೆ ಬೇಡ, ಸುಟ್ಟರೂ ಗೊತ್ತಾಗಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಓಡಾಟ. ಮಂಡಿಪೇಟೆಯಲ್ಲಿ ಮೂಟೆ ಹೊತ್ತ ಅಜ್ಜ ಒಬ್ಬರು, "ನೋವಿದ್ರೆ ಮಲಗ್ಬೇಕು ಅಲ್ವಾ ಸಿಸ್ಟರ್?" ಅಂದರು. ಮಲಗಿದಷ್ಟೂ ಮೈ ಬಿಗಿಯುತ್ತೆ, ನೋವು ಜಾಸ್ತಿಯಾಗುತ್ತೆ. ಮೊದಲ ದಿನ ಗೋಡೆ ಹಿಡಿದು ಬಾಗಿಲವರೆಗೆ ನಡೆದರು. ಮರುದಿನ ಮೆಟ್ಟಿಲವರೆಗೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ರಾತ್ರಿ ನಿದ್ದೆ ಬಂತು.

ಉಜ್ಜಿದರೆ ಹಾಯೆನಿಸುವುದು ಸುಮ್ನೆ ಅಲ್ಲ. ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಡೆಯುತ್ತದೆ ಎಂದು ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ವಿವರಿಸಿದರು. ಸಣ್ಣ ಕರೆಂಟ್ ಕೊಡುವ ಟೆನ್ಸ್ ಯಂತ್ರದ ಹಿಂದೆಯೂ ಇದೇ ಯೋಚನೆ ಇದೆ. ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳದೆ ಬಳಸಬಾರದು.

ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಿ. ಟ್ರಮಡಾಲ್ ಈಗಾಗಲೇ ತಗೊಳ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ. ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಿ.