ಓದುಗರ ಪ್ರಶ್ನೆ: ಎಪ್ಪತ್ತು ದಾಟಿದ ಅಮ್ಮನ ಕೈಲಿ ಬಸ್ಕಿ ಹೊಡೆಸ್ಬಹುದಾ?

ಹೋದ ಸಂಚಿಕೇಲಿ, ಮನೇಲಿರೋ ಹಿರಿಯರ ವ್ಯಾಯಾಮದ ಬಗ್ಗೆ ಏನು ಭಯ ಇದೆ ಏನು ಅನುಮಾನ ಇದೆ ಬರೀರಿ ಅಂತ ಕೇಳಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಬರೆದಿರೋರು ಮಕ್ಕಳೇ, ಮತ್ತೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ, ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ. ಮನೆ ಮನೆಗೆ ಹೋಗಿ ವಯಸ್ಸಾದವರಿಗೆ ಟ್ರೇನಿಂಗ್ ಕೊಡೋದೇ ನನ್ನ ಕೆಲಸ, ಅದಕ್ಕೆ ಗೊತ್ತಿರೋದನ್ನ ಗೊತ್ತಿರೋ ಹಾಗೇ ಬರೀತೀನಿ.

ಅಮ್ಮಂಗೆ 71. ಮೂರು ತಿಂಗಳ ಹಿಂದೆ ಬಚ್ಚಲುಮನೇಲಿ ಜಾರಿ ಬಿದ್ರು, ದೇವರ ದಯೆ ಮೂಳೆ ಮುರೀಲಿಲ್ಲ, ಎಕ್ಸ್‌ರೇ ಎಲ್ಲ ಸರಿ ಇದೆ. ಆದ್ರೆ ಅವತ್ತಿಂದ ಗೇಟ್ ದಾಟಿಲ್ಲ, ಸೋಫಾದಿಂದ ಏಳೋಕೂ ಯಾರಾದ್ರೂ ಕೈ ಕೊಡ್ಬೇಕು. ಒಬ್ರು ಟ್ರೇನರ್‌ನ ಮನೆಗೆ ಕರೆಸಿದ್ವಿ, ಅವ್ರು ಬಂದ ಮೊದಲ ದಿನಾನೇ ಬಸ್ಕಿ ಹೊಡೆಸಿದ್ರು, ಅಣ್ಣ ಗಲಾಟೆ ಮಾಡಿ ಕಳಿಸಿಬಿಟ್ಟ. ಯಾರದು ತಪ್ಪು ಮೇಡಂ? (ಓದುಗರು, ಶಿವಮೊಗ್ಗ)

ಬಸ್ಕಿ ತಪ್ಪಲ್ಲ, ಮೊದಲ ದಿನಾನೇ ಏನೂ ಕೇಳದೆ ನೋಡದೆ ಹೊಡೆಸಿದ್ದು ತಪ್ಪು. ನಿಮ್ಮಣ್ಣನ ಭಯ ನಂಗೆ ಅರ್ಥ ಆಗುತ್ತೆ, ಆದ್ರೆ ಆ ಭಯದಿಂದ ಈಗ ಮನೇಲಿ ಏನಾಗ್ತಿದೆ ನೋಡಿ. ಅಮ್ಮ ಬಿದ್ರು, ಹೆದರಿ ಕೂತ್ರು, ನೀವೆಲ್ಲ ಪ್ರೀತಿಯಿಂದ ನೀರಿನ ಲೋಟದಿಂದ ಹಿಡಿದು ಚಪ್ಪಲಿ ತನಕ ಕೂತಲ್ಲಿಗೇ ತಂದು ಕೊಡ್ತಿದೀರ, ಮೂರು ತಿಂಗಳಲ್ಲಿ ತೊಡೆ ಇನ್ನೂ ಸೋತಿದೆ. ಸೋತ ತೊಡೆ ಇದ್ರೆ ಮುಂದಿನ ಸಲ ಕಾಲು ತಡವರಿಸಿದಾಗ ಮೈಯನ್ನ ತಡ್ಕೊಳ್ಳೋಕೆ ಆಗಲ್ಲ. ಒಂದು ಸಲ ಬಿದ್ದವರು ಮತ್ತೆ ಬೀಳೋದು ಜಾಸ್ತಿ ಅನ್ನೋದಕ್ಕೆ ಇದೂ ಒಂದು ಕಾರಣ.

ಈ ವಯಸ್ಸಲ್ಲಿ ಶಕ್ತಿ ಮತ್ತೆ ಬರುತ್ತಾ ಅಂತ ನಿಮ್ಮಣ್ಣ ಕೇಳ್ತಾರೆ, ಖಂಡಿತ ಕೇಳ್ತಾರೆ. ಅವರಿಗೆ ಇದನ್ನ ಓದಿ ಹೇಳಿ. 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಆರೈಕೆ ಕೇಂದ್ರದಲ್ಲಿದ್ದ 86ರಿಂದ 96 ವಯಸ್ಸಿನ ಹತ್ತು ಜನರನ್ನ ತಗೊಂಡು ವಾರಕ್ಕೆ ಮೂರು ದಿನ, ಎಂಟು ವಾರ, ಕಾಲಿಗೆ ಭಾರ ಹಾಕಿ ಟ್ರೇನಿಂಗ್ ಕೊಟ್ರು, ಅದೂ ಹಗುರದ್ದಲ್ಲ, ಅವರವರ ಮಟ್ಟಕ್ಕೆ ಸಾಕಷ್ಟು ಭಾರದ್ದೇ. ಒಬ್ರು ಮಧ್ಯೆ ಬಿಟ್ರು, ಪೂರ್ತಿ ಮಾಡಿದ ಒಂಬತ್ತು ಜನರ ತೊಡೆ ಶಕ್ತಿ ಸರಾಸರಿ ಶೇ. 174 ಹೆಚ್ಚಾಯ್ತು, ಅಂದ್ರೆ ಮೊದಲಿದ್ದಿದ್ದರ ಎರಡೂವರೆ ಪಟ್ಟಿಗಿಂತ ಮೇಲೆ. ಇಬ್ರು ನಡೆಯೋವಾಗ ಹಿಡೀತಿದ್ದ ಕೋಲನ್ನೇ ಬಿಟ್ರು. ತೊಂಬತ್ತರಲ್ಲಿ ಆಗೋದಾದ್ರೆ ಎಪ್ಪತ್ತೊಂದರಲ್ಲಿ ಯಾಕಾಗಲ್ಲ ಹೇಳಿ.

ಈಗ ಎಲ್ಲಿಂದ ಶುರು ಮಾಡೋದು. ಮೊದಲು ಅಮ್ಮ ಯಾಕೆ ಬಿದ್ರು ಅನ್ನೋದು ತಿಳ್ಕೋಬೇಕು. ಬಚ್ಚಲಲ್ಲಿ ಸೋಪಿನ ನೀರಿತ್ತಾ, ಎದ್ದ ತಕ್ಷಣ ತಲೆ ಸುತ್ತು ಬಂತಾ, ಕಣ್ಣಿನ ಪೊರೆ ಇದೆಯಾ, ರಾತ್ರಿ ನಿದ್ದೆ ಮಾತ್ರೆ ತಗೋತಾರಾ, ಬಿಪಿ ಮಾತ್ರೆ ಡೋಸ್ ಇತ್ತೀಚೆಗೆ ಬದಲಾಯ್ತಾ. ಡಾಕ್ಟರ್ ಹತ್ರ ಹೋದಾಗ ಮಲಗಿದಾಗ ಒಂದು ಸಲ, ಎದ್ದು ನಿಂತ ಮೇಲೆ ಒಂದು ಸಲ ಬಿಪಿ ನೋಡಿ ಅಂತ ಕೇಳಿ. ತಲೆಸುತ್ತಿಂದ ಬಿದ್ದಿದ್ರೆ ಬರೀ ಬಸ್ಕಿಯಿಂದ ಅದು ಸರಿಯಾಗಲ್ಲ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಕೈ ಇಲ್ಲದ ಗಟ್ಟಿ ಕುರ್ಚಿ ಗೋಡೆಗೆ ಒತ್ತಿ ಇಡಿ, ಅಮ್ಮ ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತಾರೆ ಎಣಿಸಿ, ಪಕ್ಕದಲ್ಲಿ ನೀವು ನಿಂತಿರಿ. 70ರಿಂದ 74ರ ಹೆಂಗಸರಿಗೆ ಹತ್ತಕ್ಕಿಂತ ಕಮ್ಮಿ ಬಂದ್ರೆ ಕಾಲು ಸೋತಿದೆ ಅಂತ ಲೆಕ್ಕ. ಗಂಡಸರಿಗೆ ಅದೇ ವಯಸ್ಸಲ್ಲಿ ಹನ್ನೆರಡು. ನಿಮ್ಮ ಅಮ್ಮಂಗೆ ಬಹುಶಃ ಸೊನ್ನೆ ಬರುತ್ತೆ, ಕೈ ಕೊಡ್ದೆ ಏಳೋಕಾಗಲ್ಲ ಅಂತ ನೀವೇ ಬರ್ದಿದೀರ, ಬೇಜಾರಾಗ್ಬೇಡಿ. ಕುರ್ಚಿ ಮೇಲೆ ಜಮಖಾನ ಮಡಿಚಿ ಇಟ್ಟು ಎತ್ತರ ಮಾಡಿ, ಎತ್ತರದಿಂದ ಏಳೋದು ಸುಲಭ. ಐದು ಸಲ ಏಳೋದು, ಎರಡು ನಿಮಿಷ ಸುಧಾರಿಸ್ಕೊಳ್ಳೋದು, ಮತ್ತೆ ಐದು, ಮತ್ತೆ ಐದು. ಕೂರೋವಾಗ ಧಪ್ ಅಂತ ಬೀಳಬಾರದು, ಮನಸಲ್ಲಿ ಮೂರು ಎಣಿಸ್ತಾ ಇಳೀಬೇಕು, ಆ ಇಳಿಯೋದ್ರಲ್ಲೇ ಅರ್ಧ ಕೆಲಸ ಇರೋದು. ದಿನ ಬಿಟ್ಟು ದಿನ ಮಾಡ್ಸಿ. ಆರಾಮಾಗಿ ಎಂಟು ಬಂದ್ರೆ ಜಮಖಾನದ ಒಂದು ಮಡಿಕೆ ತೆಗೀರಿ. ಹೀಗೆ ಬರೀ ಕುರ್ಚಿಗೆ ಬಂದ ಮೇಲೆ ಕೈಲಿ ಒಂದು ಕೆಜಿ ಸಕ್ಕರೆ ಪ್ಯಾಕೆಟ್, ಆಮೇಲೆ ಎರಡು. ಇದು ಕುರ್ಚಿ ಬಸ್ಕಿ. ಶಾಲೇಲಿ ಮೇಷ್ಟ್ರು ಕಿವಿ ಹಿಡಿಸಿ ಹೊಡೆಸ್ತಿದ್ದ ಬಸ್ಕಿಯ ಮೆಟ್ಟಿಲು ಇದೇ.

ಜೊತೆಗೆ ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಗೋಡೆ ಪಕ್ಕ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಸೆಕೆಂಡ್ ನಿಲ್ಲೋದು. ಒಂದೆರಡು ತಿಂಗಳು ಕಳೆದು ಧೈರ್ಯ ಬಂದ ಮೇಲೆ ನೆಲಕ್ಕೆ ಕೂತು ಏಳೋದು ಕಲಿಸ್ಬೇಕು, ಕುರ್ಚಿ ಹಿಡ್ಕೊಂಡೇ. ಇದನ್ನ ಯಾರೂ ಕಲಿಸಲ್ಲ ಅನ್ನೋದು ನನ್ನ ದೊಡ್ಡ ಕೊರಗು. ಈಳಿಗೆ ಮಣೆ ಮುಂದೆ ಕೂತು ತರಕಾರಿ ಹೆಚ್ಚಿದವರು, ರಂಗೋಲಿ ಹಾಕೋಕೆ ಕುಕ್ಕರಗಾಲಲ್ಲಿ ಕೂತವರು, ಊಟಕ್ಕೆ ಚಕ್ಕಂಬಟ್ಟೆ ಹಾಕಿದವರು ನಮ್ಮ ಅಮ್ಮಂದಿರು, ದಿನಕ್ಕೆ ಎಷ್ಟು ಸಲ ನೆಲ ಮುಟ್ಟಿ ಎದ್ದಿದಾರೋ ಲೆಕ್ಕ ಇಲ್ಲ. ಡೈನಿಂಗ್ ಟೇಬಲ್ಲು, ಕಮೋಡು, ನಿಂತು ಮಾಡೋ ಕಟ್ಟೆ ಬಂದ ಮೇಲೆ ಆ ಅಭ್ಯಾಸ ಗೊತ್ತಾಗ್ದೆ ಹೋಯ್ತು, ಹಾಗಂತ ಕಮೋಡ್ ಕಿತ್ತು ಹಾಕಿ ಅಂತ ಹೇಳ್ತಿಲ್ಲ, ಕಳೆದಿದ್ದನ್ನ ವ್ಯಾಯಾಮದಲ್ಲಿ ವಾಪಸ್ ತರ್ಬೇಕು. ಬಿದ್ದಾಗ ತಾನಾಗೇ ಏಳೋಕೆ ಬರುತ್ತೆ ಅಂತ ಗೊತ್ತಾದ್ರೆ ಅಮ್ಮನ ಅರ್ಧ ಭಯ ಅಲ್ಲಿಗೇ ಹೋಗುತ್ತೆ. ಬಚ್ಚಲಲ್ಲಿ ಹಿಡಿಕೆ ಮಾತ್ರ ಇವತ್ತೇ ಹಾಕಿಸಿ.

ನಾನು ರಿಟೈರ್ಡ್ ನೌಕರ, 68 ವರ್ಷ. ದಿನಾ ಬೆಳಿಗ್ಗೆ ಐದ್ ಕಿಲೋಮೀಟರ್ ವಾಕಿಂಗ್ ಮಾಡ್ತೀನ್ರಿ, ಒಂದ್ ದಿನಾನೂ ತಪ್ಪಿಸಿಲ್ಲ. ಮಗ ಜಿಮ್ಮಿಗೆ ಸೇರಸ್ತೀನಿ ಅಂತಾನ. ಇಷ್ಟ್ ನಡದ್ ಮ್ಯಾಲ ಮತ್ತ ವಜನ ಎತ್ತೋದು ಯಾಕ ಬೇಕ್ರಿ? (ಓದುಗರು, ಹುಬ್ಬಳ್ಳಿ)

ವಾಕಿಂಗ್ ಬಿಡಬೇಡಿ ಸರ್, ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ಅದು ತುಂಬಾ ಒಳ್ಳೇದು. ಆದ್ರೆ ಸಮತಟ್ಟು ರಸ್ತೇಲಿ ನಡೆಯೋವಾಗ ತೊಡೆ, ಬೆನ್ನು, ಭುಜಕ್ಕೆ ಬೀಳೋ ಭಾರ ದಿನಾ ಅಷ್ಟೇ, ಹತ್ತು ವರ್ಷದಿಂದ ಅಷ್ಟೇ. ಸ್ನಾಯು ಹೊಸದಾಗಿ ಬೆಳೀಬೇಕಾದ್ರೆ ಹೊಸ ಭಾರ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಅಂತ ಹೇಳಿರೋದ್ರಲ್ಲಿ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥದ್ದು ಇದೆ, ಅದರ ಜೊತೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ, ಮೂರು ದಿನ ಬ್ಯಾಲೆನ್ಸ್ ವ್ಯಾಯಾಮ ಅಂತಾನೂ ಇದೆ. ನೀವು ಮೊದಲನೇದು ಮಾತ್ರ ಮಾಡ್ತಿದೀರಿ.

ನಿಮ್ಮ ಕಡೆ ಜಾತ್ರೇಲಿ ಹುಡುಗ್ರು ಸಂಗ್ರಾಣಿ ಕಲ್ಲು ಎತ್ತೋದು ನೋಡಿರ್ತೀರಿ. ಮೊದಲ ದಿನಾನೇ ಯಾರೂ ದೊಡ್ಡ ಕಲ್ಲಿಗೆ ಕೈ ಹಾಕಲ್ಲ, ಸಣ್ಣದ್ರಿಂದ ದೊಡ್ಡದಕ್ಕೆ ಹೋಗ್ತಾರೆ. ನಿಮಗೂ ಅಷ್ಟೇ, ಕಲ್ಲು ಮಾತ್ರ ಸಣ್ಣದು. ನೆಲದಿಂದ ಸ್ವಲ್ಪ ಎತ್ತರದಲ್ಲಿಟ್ಟ ಐದು ಕೆಜಿ ಅಕ್ಕಿ ಚೀಲ ಬೆನ್ನು ನೇರ ಇಟ್ಟು ಸೊಂಟದಿಂದ ಬಗ್ಗಿ ಎತ್ತೋದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯೋದು, ರಬ್ಬರ್ ಬ್ಯಾಂಡ್ ಕಿಟಕಿ ಕಂಬಿಗೆ ಕಟ್ಟಿ ಎಳೆಯೋದು, ಕುರ್ಚಿ ಬಸ್ಕಿ. ಈ ನಾಲ್ಕು ಸಾಕು ಶುರುವಿಗೆ. ಭಾರ ಎಷ್ಟಿರಬೇಕು ಅಂದ್ರೆ, ಹತ್ತು ಸಲ ಮಾಡಿ ನಿಲ್ಲಿಸಿದಾಗ ಇನ್ನೆರಡು ಮೂರು ಮಾಡ್ಬಹುದಿತ್ತು ಅಷ್ಟೇ ಅನ್ನಿಸ್ಬೇಕು. ಇನ್ನೂ ಹದಿನೈದು ಆಗ್ತಿತ್ತು ಅನ್ನಿಸಿದ್ರೆ ಅದು ಹಗುರ.

ಊಟದ ವಿಷ್ಯ ನೀವು ಕೇಳಿಲ್ಲ, ಆದ್ರೂ ಹೇಳಲೇಬೇಕು. ನಮ್ಮಲ್ಲಿ ಪ್ರೋಟೀನ್ ಲೆಕ್ಕ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತೆ, ವಯಸ್ಸಾದವರ ಸ್ನಾಯು ಬಗ್ಗೆ ಕೆಲಸ ಮಾಡೋ ತಜ್ಞರು 1ರಿಂದ 1.2 ಗ್ರಾಂ ಇರಲಿ ಅಂತಾರೆ. 65 ಕೆಜಿ ಇದ್ರೆ 65ರಿಂದ 78 ಗ್ರಾಂ. ಒಂದು ಮೊಟ್ಟೆಲಿ ಆರು ಗ್ರಾಂ, ದೊಡ್ಡ ಲೋಟ ಹಾಲಲ್ಲಿ ಆರೇಳು, ಮುಷ್ಟಿ ಶೇಂಗಾದಲ್ಲಿ ಏಳು. ಹಾಗಾಗಿ ರೊಟ್ಟಿ ಜೊತೆ ಕಾಳುಪಲ್ಯ ಡಬಲ್ ಹಾಕ್ಕೊಳ್ಳಿ, ಶೇಂಗಾ ಹಿಂಡಿ, ಮೊಸರು ಇರಲಿ, ರಾತ್ರಿ ಬರೀ ಅನ್ನ ಸಾರು ಉಂಡು ಮಲಗೋದು ಬೇಡ. ಕಿಡ್ನಿ ತೊಂದ್ರೆ ಇದ್ರೆ ಮಾತ್ರ ಡಾಕ್ಟರ್ ಕೇಳದೆ ಪ್ರೋಟೀನ್ ಏರಿಸಬೇಡಿ.

ಯೋಗ ಮಾಡಿದ್ರೆ ಸಾಲದಾ? (ಓದುಗರು, ಉಡುಪಿ)

ಕೀಲು ಸಡಿಲ ಆಗೋಕೆ, ಬ್ಯಾಲೆನ್ಸ್‌ಗೆ, ಉಸಿರಿಗೆ ಯೋಗ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಕೋಲಾರ ಜಿಲ್ಲೆ ಬೆಳ್ಳೂರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಕುರ್ಚಿ, ಹಗ್ಗ, ಮರದ ದಿಮ್ಮಿ ಇಟ್ಕೊಂಡು ಬಗ್ಗೋಕಾಗದವರಿಗೂ ಆಸನ ಮಾಡಿಸೋ ದಾರಿ ತೋರ್ಸಿದ್ರು, ತಾವೂ ತೊಂಬತ್ತು ದಾಟಿದ ಮೇಲೂ ಅಭ್ಯಾಸ ಬಿಡಲಿಲ್ಲ. ಉತ್ಕಟಾಸನ, ವೀರಭದ್ರಾಸನದಲ್ಲಿ ತೊಡೆಗೆ ಒಳ್ಳೆ ಕೆಲಸ ಸಿಗುತ್ತೆ. ಆದ್ರೆ ಮೈಭಾರ ಅಷ್ಟೇ ಇರೋದ್ರಿಂದ ಒಂದು ಹಂತ ಆದ್ಮೇಲೆ ಶಕ್ತಿ ನಿಂತಲ್ಲೇ ನಿಲ್ಲುತ್ತೆ, ಅದಕ್ಕೆ ವಾರಕ್ಕೆ ಎರಡು ದಿನ ವೇಟ್ ಸೇರಿಸಿ. ಮೂಳೆ ಸವೆತ ಇದೆ ಅಂತ ಸ್ಕ್ಯಾನಲ್ಲಿ ಬಂದಿದ್ರೆ ಬೆನ್ನನ್ನ ಪೂರ್ತಿ ಮುಂದಕ್ಕೆ ಬಾಗಿಸೋ ಆಸನಗಳು, ಜೋರಾಗಿ ತಿರುಚೋ ಆಸನಗಳು ಬೇಡ.

ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದಾರೆ. ಬಸ್ಕಿ ಹೊಡೆದ್ರೆ ಇನ್ನೂ ಸವೆಯಲ್ವಾ ಮೇಡಂ? ವಯಸ್ಸು 64, ಬಿಪಿ ಶುಗರ್ ಎರಡೂ ಇದೆ. (ಓದುಗರು, ತುಮಕೂರು)

ಮಂಡಿಯನ್ನ ಟೈರ್ ಥರ ಯೋಚ್ನೆ ಮಾಡ್ಬೇಡಿ, ಅದು ಜೀವ ಇರೋ ಕೀಲು. ಸುತ್ತ ಇರೋ ತೊಡೆ ಸ್ನಾಯು ಗಟ್ಟಿ ಆದಷ್ಟೂ ನೋವು ಕಮ್ಮಿ ಆಗುತ್ತೆ, ಮಂಡಿ ಸವೆತಕ್ಕೆ ಜಗತ್ತಿನಲ್ಲೆಲ್ಲ ಮೊದಲು ಹೇಳೋ ಚಿಕಿತ್ಸೆಗಳಲ್ಲಿ ವ್ಯಾಯಾಮ ಇದೆ. ಎಷ್ಟು ನೋವು ತಡ್ಕೋಬಹುದು ಅನ್ನೋದಕ್ಕೆ ನಾನು ಹೇಳೋ ಲೆಕ್ಕ ಇಷ್ಟು: ಹತ್ತಕ್ಕೆ ಮೂರು ನಾಲ್ಕರ ಒಳಗಿದ್ದು, ಮರುದಿನ ಬೆಳಿಗ್ಗೆ ಮಾಮೂಲಿಗೆ ಬಂದಿದ್ರೆ ಮುಂದುವರ್ಸಿ. ಮಂಡಿ ಊದ್ಕೊಂಡ್ರೆ, ಬಿಸಿ ಆದ್ರೆ, ಸಿಕ್ಕಿಹಾಕ್ಕೊಂಡ ಹಾಗಾದ್ರೆ ನಿಲ್ಲಿಸಿ ತೋರ್ಸಿ.

ಬಿಪಿ ಇರೋರು ಭಾರ ಎತ್ತೋವಾಗ ಉಸಿರು ಕಟ್ಟಬಾರದು. ಏಳೋವಾಗ ಬಾಯಲ್ಲಿ ಜೋರಾಗಿ ಎಣಿಸಿ, ಎಣಿಸ್ತಿದ್ರೆ ಉಸಿರು ತಾನಾಗೇ ಹೊರಗೆ ಹೋಗುತ್ತೆ. ಬಿಪಿ 180/110 ದಾಟಿದ ದಿನ ವೇಟ್ ಮುಟ್ಟೋದು ಬೇಡ, ಡಾಕ್ಟರ್‌ಗೆ ಫೋನ್ ಮಾಡಿ. ಇನ್ಸುಲಿನ್ ಅಥವಾ ಶುಗರ್ ಜಾಸ್ತಿ ಇಳಿಸೋ ಮಾತ್ರೆ ತಗೊಳ್ಳೋರು ಶುರು ಮಾಡೋ ಮುಂಚೆ ಶುಗರ್ ನೋಡ್ಕೊಳ್ಳಿ, 90ರ ಕೆಳಗಿದ್ರೆ ಮೊದಲು ಬಾಳೆಹಣ್ಣು ತಿನ್ನಿ. ಶುಗರ್‌ನಿಂದ ಕಣ್ಣಿನ ಒಳಗೆ ರಕ್ತ ಬಂದಿದ್ರೆ ಕಣ್ಣಿನ ಡಾಕ್ಟರ್ ಒಪ್ಪಿಗೆ ಬೇಕೇ ಬೇಕು. ಎದೆ ನೋವು, ಎಡಗೈ ಸೆಳೆತ, ತಲೆ ತಿರುಗೋದು ಬಂದ್ರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ನಾನು ನ್ಯೂಜೆರ್ಸಿಯಲ್ಲಿದೀನಿ, ಅಪ್ಪ ಮಂಡ್ಯ ಹತ್ರ ಹಳ್ಳೀಲಿ, 80 ವರ್ಷ, ಅಮ್ಮ ಜೊತೆಗಿದಾರೆ. ವಿಡಿಯೋ ಕಾಲಲ್ಲಿ ಟ್ರೇನರ್ ಇಡಬೇಕು ಅಂತಿದೀನಿ. ಹೇಗೆ ಆರಿಸ್ಲಿ? ಅಪ್ಪ ಬೇರೆ, ಗರಡಿಗೆ ಹೋಗೋ ವಯಸ್ಸಾ ನಂದು ಅಂತ ಬಯ್ತಾರೆ.

ಮೊದಲ ತಿಂಗಳು ಯಾರಾದ್ರೂ ನೇರವಾಗಿ ಬಂದು ನೋಡೋದು ಒಳ್ಳೇದು, ಊರಲ್ಲಿ ಸಿಗದಿದ್ರೆ ಮಂಡ್ಯದಿಂದ ಫಿಸಿಯೋಥೆರಪಿಸ್ಟ್ ಒಬ್ರನ್ನ ಎರಡು ಮೂರು ಸಲ ಕರೆಸಿ. ಆಮೇಲೆ ವಿಡಿಯೋ ಪರವಾಗಿಲ್ಲ, ಆದ್ರೆ ಅಮ್ಮನೋ ಪಕ್ಕದ ಮನೆಯವರೋ ಅಪ್ಪನ ಪಕ್ಕ ನಿಂತಿರಲೇಬೇಕು, ಫೋನ್ ಪಕ್ಕದಿಂದ ಇಡೀ ಮೈ ಕಾಣೋ ಹಾಗಿರಬೇಕು.

ಟ್ರೇನರ್ ಆರಿಸೋವಾಗ ಅವರ ಸರ್ಟಿಫಿಕೇಟ್ ನೋಡಿ, ಅದಕ್ಕಿಂತ ಮುಖ್ಯವಾಗಿ ಮೊದಲ ಕಾಲಲ್ಲಿ ಅವರು ಏನು ಕೇಳ್ತಾರೆ ನೋಡಿ. ಯಾವ ಮಾತ್ರೆ ತಗೋತಾರೆ, ಯಾವಾಗ ಬಿದ್ದಿದ್ರು, ಆಪರೇಷನ್ ಏನಾದ್ರೂ ಆಗಿದೆಯಾ, ರಾತ್ರಿ ಎಷ್ಟು ಸಲ ಏಳ್ತಾರೆ ಅಂತ ಕೇಳಿದ್ರೆ ಅವರಿಗೆ ಕೆಲಸ ಗೊತ್ತು. ಪ್ಯಾಕೇಜ್ ರೇಟ್ ಮೊದಲು ಹೇಳಿ, 25ರ ಹುಡುಗರಿಗೆ ಕೊಡೋ ಚಾರ್ಟನ್ನೇ ನಿಮ್ಮಪ್ಪಂಗೂ ಕಳಿಸಿದ್ರೆ ಬೇಡ. ಇನ್ನೊಂದು ಥರದವರೂ ಇದಾರೆ, ಆರು ತಿಂಗಳಾದ್ರೂ ಕೈ ತಿರುಗಿಸಿ, ಕತ್ತು ಆಡಿಸಿ ಅಂತ ಅಲ್ಲೇ ಇಟ್ಟಿರ್ತಾರೆ, ಏನೂ ಬರೆದಿಟ್ಟಿರಲ್ಲ. ಯಾವ ವಾರ ಎಷ್ಟು ಸಲ, ಎಷ್ಟು ಕೆಜಿ ಅಂತ ಪುಸ್ತಕದಲ್ಲಿ ಬರೀಬೇಕು, ನಾಲ್ಕು ವಾರಕ್ಕೊಮ್ಮೆ ಆ ಕುರ್ಚಿ ಪರೀಕ್ಷೆ ಮಾಡಿ ನಿಮಗೆ ಲೆಕ್ಕ ಹೇಳ್ಬೇಕು.

ಇನ್ನು ಅಪ್ಪನ ವಿಷಯ. ಅವರ ಹತ್ರ ವ್ಯಾಯಾಮ ಅಂತಾನೇ ಹೇಳ್ಬೇಡಿ. ಈಗ ಮಾಡೋಕಾಗ್ದೆ ಇರೋ ಯಾವ ಕೆಲಸ ಮತ್ತೆ ಮಾಡ್ಬೇಕು ಅನ್ಸುತ್ತೆ ಅಂತ ಕೇಳಿ. ಹಳ್ಳಿ ಗಂಡಸರು ಬಹಳ ಸಲ ನಂಗೆ ಹೇಳೋದು ಒಂದೇ, ಗದ್ದೆ ಬದು ಮೇಲೆ ಒಬ್ಬನೇ ನಡ್ಕೊಂಡು ಹೋಗಿ ಪೈರು ನೋಡ್ಬೇಕು ಅಂತ. ಅಪ್ಪನೂ ಅದನ್ನೇ ಹೇಳಿದ್ರೆ ಟ್ರೇನರ್‌ಗೆ ಅದೇ ಗುರಿ ಕೊಡಿ. ಮೊದಲು ಕುರ್ಚಿ ಬಸ್ಕಿ, ಹಿಮ್ಮಡಿ ಎತ್ತೋದು. ಆಮೇಲೆ ಅಂಗಳದಲ್ಲಿ ರಂಗೋಲಿ ಪುಡೀಲಿ ಅಮ್ಮನ ಕೈಲಿ ಉದ್ದಕ್ಕೊಂದು ಗೆರೆ ಎಳೆಸಿ, ಗೋಡೆ ಪಕ್ಕ, ಅದರ ಮೇಲೆ ನಡೆಯೋದು. ಅದು ಗಟ್ಟಿಯಾದ ಮೇಲೆ ಎರಡೂ ಕೈಲಿ ಅರ್ಧರ್ಧ ಬಕೆಟ್ ನೀರು ಹಿಡ್ಕೊಂಡು ಅದೇ ಗೆರೆ ಪಕ್ಕ ನಡೆಯೋದು. ಬದು ಒಣಗಿರೋ ಕಾಲ ನೋಡಿ ಗದ್ದೆಗೆ ಕರ್ಕೊಂಡು ಹೋಗ್ಲಿ, ಹಿಂದೆ ಒಬ್ರು ಕೈಗೆ ಸಿಗೋ ದೂರದಲ್ಲಿರಲಿ, ಆ ದಿನ ವಿಡಿಯೋ ಕಾಲಲ್ಲಿ ನೀವೂ ಇರಿ.