ಹನ್ನೊಂದನೆಯ ಅಧ್ಯಾಯದಲ್ಲಿ ನಿಂತ ಕಾದಂಬರಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಇಲ್ಲಿ ವೃತ್ತಿ, ವಯಸ್ಸು ಮತ್ತು ಸಂಬಂಧಗಳ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ರಕಟಣೆಗೆ, ಆಪ್ತಸಲಹೆಗೆಂದು ನನ್ನ ಬಳಿ ಬಂದಿದ್ದವರ ಲಿಖಿತ ಒಪ್ಪಿಗೆ ಇದೆ. ಅವರನ್ನು ಲೇಖಕಿ ಎಂದೇ ಕರೆಯುತ್ತೇನೆ.

ಲೇಖಕಿಗೆ ಐವತ್ತರ ಆಸುಪಾಸು. ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ಅವರ ಎರಡು ಕಥಾಸಂಕಲನಗಳು ಈಗಾಗಲೇ ಬಂದಿದ್ದವು. ಮೂರನೆಯದಾಗಿ ಕೈಗೆತ್ತಿಕೊಂಡದ್ದು ಕಾದಂಬರಿ: 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮನೆ, ತೋಟ, ಗದ್ದೆಗಳನ್ನು ನೀರಿಗೆ ಬಿಟ್ಟು ಬಂದ ಒಂದು ಮುಳುಗಡೆ ಕುಟುಂಬದ ಕಥೆ. ಹತ್ತು ಅಧ್ಯಾಯಗಳು ಒಂದೇ ವರ್ಷದಲ್ಲಿ ಮುಗಿದಿದ್ದವು. ಹನ್ನೊಂದನೆಯದರ ಮೊದಲ ಪುಟದಲ್ಲಿ ಬರವಣಿಗೆ ನಿಂತು ಎರಡು ವರ್ಷ ದಾಟಿತ್ತು. "ತಲೆ ಖಾಲಿಯಾಗಿದೆ ಮೇಡಂ, ಬರೆಯುವ ಶಕ್ತಿಯೇ ಬತ್ತಿಹೋಗಿದೆ" ಎಂದರು. ಕುವೆಂಪು ಅವರ ಮೊದಲ ಕಾದಂಬರಿ 1936ರಲ್ಲಿ, ಎರಡನೆಯದು 1967ರಲ್ಲಿ ಬಂದದ್ದನ್ನೂ ಅವರೇ ನೆನಪಿಸಿದರು. ನಡುವಿನ ಆ ಮೂವತ್ತೊಂದು ವರ್ಷಗಳಲ್ಲಿ ಕವಿ ಒಂದು ಮಹಾಕಾವ್ಯವನ್ನೇ ಬರೆದಿದ್ದರೆಂದು ನಾನು ಹೇಳಿದಾಗ ಇಬ್ಬರೂ ನಕ್ಕೆವು.

ಬರವಣಿಗೆ ನಿಂತಿದೆ ಎಂದು ಬಂದವರಲ್ಲಿ ಮೊದಲು ನೋಡಬೇಕಾದದ್ದು ಖಿನ್ನತೆ ಇದೆಯೇ ಎಂಬುದನ್ನು. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ ಅವರಿಗೆ 27ಕ್ಕೆ 6 ಅಂಕ ಬಂದವು; ಇಲ್ಲಿ ಅಂಕ ಕಡಿಮೆಯಾದಷ್ಟೂ ಖಿನ್ನತೆ ಕಡಿಮೆ. ನಿದ್ರೆ, ಊಟ, ಶಾಲೆಯ ಕೆಲಸ ಎಲ್ಲವೂ ಸರಿಯಾಗಿದ್ದವು. ಇವೇ ಕೆಟ್ಟಿದ್ದರೆ ಅದನ್ನು ಬರವಣಿಗೆಯ ತೊಡಕೆಂದು ಭಾವಿಸಿ ಕೂರದೆ ವೈದ್ಯರನ್ನು ಕಾಣಬೇಕು; 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಲೇಖಕಿಯಾದರೋ ಶಾಲೆಯ ವಾರ್ಷಿಕ ಸಂಚಿಕೆಗೆ ಸಂಪಾದಕೀಯವನ್ನೂ, ನಿವೃತ್ತರಾದ ಸಹೋದ್ಯೋಗಿಗೆ ಅಭಿನಂದನಾ ಪತ್ರವನ್ನೂ ಸಲೀಸಾಗಿ ಬರೆದಿದ್ದರು. ಶಕ್ತಿ ಬತ್ತಿದವರು ಹಾಗೆ ಬರೆಯಲಾರರು. ಆ ಸುಳಿವನ್ನು ನಾನು ಆಗಲೇ ಹಿಡಿಯಬೇಕಿತ್ತು.

ಹಿಡಿಯಲಿಲ್ಲ. ದಿನಕ್ಕೆ ನಲವತ್ತು ನಿಮಿಷ, ಒಂದೇ ಹೊತ್ತು, ಒಂದೇ ಜಾಗ ಎಂಬ ವೇಳಾಪಟ್ಟಿಯನ್ನು ಕೊಟ್ಟು ಕಳುಹಿಸಿದೆ. ಈ ಕ್ರಮಕ್ಕೆ ಆಧಾರವಿಲ್ಲದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ ಬರವಣಿಗೆ ನಿಂತುಹೋದ ಅಧ್ಯಾಪಕರ ಜೊತೆ ಕೆಲಸ ಮಾಡಿ, ಹುರುಪು ಬಂದಾಗ ರಾತ್ರಿಯಿಡೀ ಬರೆಯುವುದಕ್ಕಿಂತ ದಿನವೂ ಸ್ವಲ್ಪ ಹೊತ್ತು ಬರೆಯುವುದು ಹೆಚ್ಚು ಫಲ ಕೊಡುತ್ತದೆಂದು ತೋರಿಸಿದ್ದರು. ಲೇಖಕಿ ಶಿಸ್ತಿನಿಂದ ಪಾಲಿಸಿದರು. ಮೂರನೆಯ ಭೇಟಿಯ ಹೊತ್ತಿಗೆ ಹನ್ನೆರಡು, ಹದಿಮೂರು ಮತ್ತು ಹದಿನೈದನೆಯ ಅಧ್ಯಾಯಗಳ ಭಾಗಗಳು ಸಿದ್ಧವಾಗಿದ್ದವು. ನಾನು ಹಿಗ್ಗಿದೆ. ಪುಟಗಳನ್ನು ಅವರು ಮೇಜಿನ ಮೇಲೆ ಕ್ರಮವಾಗಿ ಜೋಡಿಸುತ್ತಿದ್ದಾಗಷ್ಟೇ ಹನ್ನೊಂದು ಮಾತ್ರ ಇನ್ನೂ ಬಿಳಿಯಾಗಿದೆ ಎಂಬುದು ನನ್ನ ಕಣ್ಣಿಗೆ ಬಿತ್ತು.

"ಆ ಅಧ್ಯಾಯದಲ್ಲಿ ಏನಾಗುತ್ತದೆ?" ಎಂದು ಕೇಳಿದೆ. ಬರೆಯಲಾಗದ್ದನ್ನು ಅವರು ಅರ್ಧ ಗಂಟೆ ತಡೆಯಿಲ್ಲದೆ ಹೇಳಿದರು. ತಮ್ಮನನ್ನು ತೋಟದ ಕೆಲಸಕ್ಕೆ ಕಳುಹಿಸಿ ಅಣ್ಣನೊಬ್ಬ ತಾಲ್ಲೂಕು ಕಚೇರಿಗೆ ಹೋಗುತ್ತಾನೆ; ಇಬ್ಬರ ಪಾಲಿನ ಪರಿಹಾರಕ್ಕೂ ತಾನೊಬ್ಬನೇ ರುಜು ಹಾಕಿ ಹಣ ಪಡೆಯುತ್ತಾನೆ; ತಮ್ಮ ಸಾಯುವವರೆಗೂ ಆ ಮಾತನ್ನು ಎತ್ತುವುದಿಲ್ಲ. ಅಣ್ಣ ಲೇಖಕಿಯ ದೊಡ್ಡಪ್ಪ, ತಮ್ಮ ಅವರ ತಂದೆ. ಇಬ್ಬರೂ ಈಗಿಲ್ಲ. ದೊಡ್ಡಪ್ಪನ ಮಗಳು ಮಾತ್ರ ಅದೇ ಊರಿನಲ್ಲಿದ್ದಾರೆ, ಲೇಖಕಿಯ ಬಿ.ಎಡ್. ಶುಲ್ಕ ಕಟ್ಟಿದವರು ಅವರೇ. ಯಾರು ಓದುತ್ತಾರೆಂದು ಹೆದರುತ್ತೀರಿ ಎಂದು ಕೇಳಿದ್ದಕ್ಕೆ, "ಅಕ್ಕ" ಎಂಬ ಒಂದೇ ಪದ ಬಂತು. ವಿಮರ್ಶಕರು, ಪ್ರಕಾಶಕರು, ಪ್ರಶಸ್ತಿ ಸಮಿತಿ ಯಾರೂ ಆ ಕೋಣೆಯಲ್ಲಿ ಇರಲಿಲ್ಲ. ಸಾವಿರಾರು ಓದುಗರ ಭಯವೆಂದು ಹೇಳಿಕೊಳ್ಳುವುದು ಬಹಳ ಸಲ ಒಬ್ಬರೇ ಓದುಗರ ಭಯವಾಗಿರುತ್ತದೆ ಎಂಬುದು ನನ್ನ ಅನುಭವ.

ನನ್ನ ಸಲಹೆ ಆಮೇಲೆ ಬದಲಾಯಿತು. ಬರೆಯುವುದು ಒಂದು ತೀರ್ಮಾನ, ಪ್ರಕಟಿಸುವುದು ಇನ್ನೊಂದು. ಎರಡನ್ನೂ ಒಂದೇ ದಿನ ತೆಗೆದುಕೊಳ್ಳಬೇಕಿಲ್ಲ. ಹಾಗಾಗಿ ಹನ್ನೊಂದನೆಯ ಅಧ್ಯಾಯವನ್ನು, ಕಾದಂಬರಿಯ ಉಳಿದ ಭಾಗವಿರುವ ಕಂಪ್ಯೂಟರಿನಲ್ಲಿ ಅಲ್ಲ, ಬೇರೆ ನೋಟುಪುಸ್ತಕದಲ್ಲಿ ಕೈಯಿಂದ ಬರೆಯಬೇಕು, ತಾವಾಗಿ ನಿರ್ಧರಿಸುವವರೆಗೂ ಅದು ಕಾದಂಬರಿಯ ಭಾಗವೇ ಅಲ್ಲ ಎಂದು ಒಪ್ಪಿಕೊಂಡೆವು. ಒಂಬತ್ತು ದಿನಗಳಲ್ಲಿ ಅದು ಮುಗಿಯಿತು. ಬರೆಯುತ್ತಾ ಹೋದಂತೆ ದೊಡ್ಡಪ್ಪನ ಮಗ್ಗುಲೂ ತೆರೆದುಕೊಂಡು, ಅದೇ ವರ್ಷ ತಂಗಿಯ ಮದುವೆಗೆ ಆತ ಮಾಡಿದ ಸಾಲ ಕಥೆಯೊಳಗೆ ಬಂತಂತೆ. ಅದು ಕಥೆಗಾರಿಕೆಯ ಫಲ, ಆಪ್ತಸಲಹೆಯದಲ್ಲ.

ಅಕ್ಕನಿಗೆ ಏನು ಹೇಳಬೇಕೆಂಬುದರ ಮೇಲೆ ಎರಡು ಭೇಟಿಗಳನ್ನು ಕಳೆದೆವು. ಒಪ್ಪಿಗೆ ಕೇಳುವುದೇ ಬೇರೆ, ತಿಳಿಸುವುದೇ ಬೇರೆ. ಬೇಡವೆಂಬ ಉತ್ತರವನ್ನು ಪಾಲಿಸಲು ಸಿದ್ಧರಿಲ್ಲದವರು ಒಪ್ಪಿಗೆ ಕೇಳಬಾರದು ಎಂದೆ. ಕಾನೂನಿನ ಪ್ರಶ್ನೆಗೆ ಮಾತ್ರ ವಕೀಲರ ಬಳಿ ಕಳುಹಿಸಿದೆ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನ ಪ್ರಕಾರ, ಬದುಕಿದ್ದರೆ ಮಾನಹಾನಿಯಾಗುತ್ತಿದ್ದಂಥ ಆರೋಪವನ್ನು ಹತ್ತಿರದ ಬಂಧುಗಳ ಮನಸ್ಸನ್ನು ನೋಯಿಸುವ ಉದ್ದೇಶದಿಂದ ಮಾಡಿದರೆ, ತೀರಿಹೋದವರ ವಿಷಯದಲ್ಲೂ ಅದು ಮಾನಹಾನಿಯಾಗಬಹುದು. ಲೇಖಕಿ ಹೆಸರು, ಊರು, ಮಕ್ಕಳ ಸಂಖ್ಯೆಗಳನ್ನು ಬದಲಿಸಿದರು. ಬಳಿಕ ಒಂದು ಸಂಜೆ ಅಕ್ಕನ ಮನೆಗೆ ಹೋಗಿ ವಿಷಯ ತಿಳಿಸಿದರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಗೊತ್ತಿತ್ತು ಮಾರಾಯ್ತಿ, ನೀ ಇದನ್ನ ಒಂದಿನ ಬರೀತಿ ಅಂತ. ಅಪ್ಪಯ್ಯನ ಹೆಸ್ರು ಮಾತ್ರ ಹಾಕಬೇಡ" ಎಂದರಂತೆ.

ಪ್ರಕಟಣೆಯ ಹಂತವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಪ್ರಕಾಶಕರಿಂದ ಐದು ತಿಂಗಳು ಉತ್ತರ ಬರಲಿಲ್ಲ. ಆ ಮೌನವನ್ನು ಲೇಖಕಿ ತಮ್ಮ ಬರವಣಿಗೆಯ ಮೇಲಿನ ತೀರ್ಪೆಂದು ಓದಿದರು. ಒಂದು ದಿನಾಂಕ ಗೊತ್ತುಮಾಡಿ, ಅಲ್ಲಿಯವರೆಗೆ ಕಾಯ್ದು, ಅನಂತರ ಪತ್ರ ಬರೆದು ಹಸ್ತಪ್ರತಿಯನ್ನು ಬೇರೆಡೆಗೆ ಕಳುಹಿಸುವಂತೆ ಹೇಳಿದೆ. ಎರಡನೆಯವರು ಒಪ್ಪಿದರು: ಐನೂರು ಪ್ರತಿ, ಶೇಕಡ 10 ಗೌರವಧನ, 208 ಪುಟ. ಕರಡು ತಿದ್ದುವಾಗ ಹಳೆಯ ತೊಡಕು ಹೊಸ ವೇಷದಲ್ಲಿ ಬಂತು. ಕಾಗುಣಿತ ನೋಡಲೆಂದು ಬಂದ ಮೂರನೆಯ ಕರಡಿನಲ್ಲಿ ಲೇಖಕಿ ಹನ್ನೊಂದನೆಯ ಅಧ್ಯಾಯಕ್ಕೆ ಎರಡು ಪುಟ ಸಮಜಾಯಿಷಿ ಸೇರಿಸಿದ್ದರು. ಹದಿನಾರು ಪುಟಗಳ ಹದಿಮೂರು ಫಾರಂಗಳಿಗೆ ಸರಿಹೊಂದಿದ ಪುಸ್ತಕಕ್ಕೆ ಇನ್ನೊಂದು ಫಾರಂ ಬೇಕಾಗುತ್ತದೆಂದು ಮುದ್ರಕರು ಗೊಣಗಿದರು. ಆ ಎರಡು ಪುಟ ಯಾರಿಗಾಗಿ ಎಂದು ನಾನು ಕೇಳಿದೆ; ಅವರು ಉತ್ತರಿಸದೆ ತೆಗೆದುಹಾಕಿದರು.

ಬಿಡುಗಡೆಯ ಹಿಂದಿನ ವಾರ ಅವರಿಗೆ ನಿದ್ರೆ ಕೆಟ್ಟಿತು. ಸಭೆಯಲ್ಲಿ ಯಾರಾದರೂ "ಇದು ನಿಮ್ಮ ಮನೆಯ ಕಥೆಯೇ?" ಎಂದರೆ ಏನು ಹೇಳುವುದು ಎಂಬುದೇ ಚಿಂತೆ. ಉತ್ತರವನ್ನು ಮೊದಲೇ ಬರೆದು, ಗಟ್ಟಿಯಾಗಿ ಹೇಳಿ ರೂಢಿಸಿಕೊಂಡೆವು: "ಮುಳುಗಡೆಯಾದ ಅನೇಕ ಮನೆಗಳಲ್ಲಿ ಇಂಥದ್ದು ನಡೆದಿದೆ, ನಾನು ಒಂದು ಮನೆಯನ್ನು ಕಲ್ಪಿಸಿಕೊಂಡೆ." ಮಾತಿಗೆ ನಾಲ್ಕೇ ನಿಮಿಷ, ಅದೂ ಚೀಟಿ ನೋಡಿಕೊಂಡು, ಎದೆ ಬಡಿತ ಹೆಚ್ಚಿದರೆ ಉಸಿರನ್ನು ನಿಧಾನವಾಗಿ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡುವುದು, ಮರುದಿನ ರಜೆ ಹಾಕುವುದು. ಬಿಡುಗಡೆಯಾದ ಮೇಲಿನ ದಿನಗಳಲ್ಲಿ ಬರುವ ಬರಿದುತನದ ಬಗ್ಗೆ ಮುಂಚೆಯೇ ಎಚ್ಚರಿಸಿದ್ದೆ, ಏಕೆಂದರೆ ಬಹಳ ಜನ ಅದನ್ನು ಸೋಲೆಂದು ತಿಳಿಯುತ್ತಾರೆ. ಸಭೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಮೂರು ವಾರಗಳ ಬಳಿಕ ಕೊನೆಯ ಭೇಟಿ. ಅಕ್ಕ ಐದು ಪ್ರತಿ ಕೊಂಡಿದ್ದರು. ಓದಿದವರೇ ಫೋನು ಮಾಡಿ, ಕಚೇರಿಗೆ ಹೋದ ದಿನ ಮಳೆ ಇರಲಿಲ್ಲ, ಬಿಸಿಲಿತ್ತು, ಅಪ್ಪಯ್ಯ ಕೊಡೆ ಮನೆಯಲ್ಲೇ ಬಿಟ್ಟು ಹೋಗಿದ್ದರು ಎಂದು ತಿದ್ದಿದ್ದರು. ಎರಡನೆಯ ಮುದ್ರಣದಲ್ಲಿ ಸರಿಪಡಿಸಲೇ ಎಂದು ಲೇಖಕಿ ನನ್ನನ್ನು ಕೇಳಿದರು. ಐನೂರರಲ್ಲಿ ಇನ್ನೂ ಮುನ್ನೂರಕ್ಕೂ ಹೆಚ್ಚು ಪ್ರತಿಗಳು ಪ್ರಕಾಶಕರ ಮನೆಯ ಅಟ್ಟದಲ್ಲಿದ್ದವು.